ಆಟದೊಳಗಿನ ಬದು

2-7-2007, ಸೋಮವಾರ

ಮತ್ತೆ ಏಳೂ ಹತ್ತರ ಬಸ್ಸು. ಮತ್ತೆ ಸೀಟಿಲ್ಲ. ದೊಡವಾಡದಿಂದ ಧಾರವಾಡದ ತನಕ ಯಾರದೋ ಹಾಲಿನ ಕ್ಯಾನಿಗೆ ಒರಗಿ ನಿಂತೆ. ಐದನೇ ಸೆಮ್ ಶುರು. ಬಿ.ಎಸ್ಸಿ. ಗೇಮ್ ಡಿಸೈನ್‌ಗೆ ಮೊದಲ ವರ್ಷ ಸೇರಿದವರು ಹದಿನಾಲ್ಕು ಮಂದಿ. ಈಗ ಆರು. ಉಳಿದ ಎಂಟು ಮಂದಿಗೆ ಬುದ್ಧಿ ಬೇಗ ಬಂತು.

ಬಸ್ಸಿನಲ್ಲಿ ನಮ್ಮ ಓಣಿಯ ನೀಲಪ್ಪ ಕಾಕಾ ಇದ್ದ. ಎರಡು ವರ್ಷದಿಂದ ಕೇಳುತ್ತ ಬಂದದ್ದನ್ನೇ ಕೇಳಿದ.

"ಆಟಾ ಆಡೂದು ಕಲಿಯಾಕ ಕಾಲೇಜ ಬೇಕೇನ ಶೈಲವ್ವಾ?"

"ಆಡೂದಲ್ಲ ಕಾಕಾ, ಆಟಾ ಮಾಡೂದು."

"ಎರಡೂ ಒಂದ ಬಿಡ."

ಬಿಟ್ಟೆ. ಊರಿಗೆಲ್ಲ ಉತ್ತರ ಹೇಳಿ ಸಾಕಾಗಿದೆ. ಈ ಪ್ರಶ್ನೆ ಒಮ್ಮೆಯೂ ಕೇಳದವನೆಂದರೆ ಅಪ್ಪ ಒಬ್ಬನೇ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದ ದಿನ ಮಾನಿಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಇದೇ ಬಸ್ಸಿನಲ್ಲಿ ಬಂದಿದ್ದ. ಟೀವಿ ಏನ್ರಿ ಮಡಿವಾಳೆಪ್ಪಣ್ಣಾ ಎಂದವರಿಗೆಲ್ಲ, "ಟೀವಿ ಅಲ್ರಿ, ನಮ್ಮ ಶೈಲೂನ ಕಂಪ್ಯೂಟರ" ಎಂದು ಹೇಳಿದ್ದೇ ಹೇಳಿದ್ದು. ಊರು ಮುಟ್ಟುವಷ್ಟರಲ್ಲಿ ಕಾಲು ಜೋಮು ಹಿಡಿದು ಇಳಿಯಲು ಆಗಿರಲಿಲ್ಲ.

5-7-2007

ಎಚ್‌ಓಡಿ ಸರ್ ಪ್ರಾಜೆಕ್ಟ್ ಹೇಳಿದರು. ಇಬ್ಬಿಬ್ಬರ ಜೋಡಿ. ನಿಮ್ಮೂರಿನ ಆಟ ಒಂದನ್ನು ಕಂಪ್ಯೂಟರಿಗೆ ತನ್ನಿ ಎಂದರು. ಡಿಸೆಂಬರಿನಲ್ಲಿ ವೈವಾ. ಫೇಲಾದರೆ ಆರನೇ ಸೆಮ್‌ಗೆ ಕೂರಿಸುವುದಿಲ್ಲ. ಅಂದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲ ಅಂದರೆ ನನ್ನ ಪಾಲಿಗೆ ಏನು ಎಂದು ಬರೆಯುವುದು ಬೇಡ. ಅವ್ವನ ತವರಿನವರು ಆಗಲೇ ಎರಡು ಫೋಟೋ ಕಳಿಸಿದ್ದಾರೆ.

ನನ್ನ ಜೋಡಿ ಸಂಜು, ಮುರಗೋಡದವನು. ಕೋಡ್ ಅವನದು, ಡಿಸೈನ್ ನನ್ನದು. ಅವನಿಗೆ ಝೋಂಬಿ ಬೇಕಂತೆ.

"ಮುರಗೋಡದಾಗ ಝೋಂಬಿ ಎಲ್ಲಿಂದ ಬರ್ತಾವೋ?"

"ನಮ್ಮ ಹಾಸ್ಟೇಲಿಗೆ ಬಾ, ತೋರಸ್ತೇನಿ."

ಕಡೆಗೆ ನನ್ನ ಮಾತಿಗೆ ಬಂದ. ಪಂಚಮಿಯ ಲಿಂಬಿಹಣ್ಣಿನ ಪಣ. ಊರಬಾಗಿಲಿನ ಅಗಸಿಯಿಂದ ಹೊಲದಾಚೆಯ ಹನುಮಪ್ಪನ ಗುಡಿಯವರೆಗೆ ಹಣ್ಣು ಎಸೆಯುತ್ತ ಹೋಗಬೇಕು. ಬಿದ್ದ ಜಾಗದಿಂದಲೇ ಮುಂದಿನ ಎಸೆತ. ಕಡಿಮೆ ಎಸೆತದಲ್ಲಿ ಮುಟ್ಟಿಸಿದವನು ಗೆದ್ದ. ನೀಲಪ್ಪ ಕಾಕಾ ಪ್ರಾಯದಲ್ಲಿ ನಲವತ್ತೊಂದು ಎಸೆತಕ್ಕೇ ಮುಟ್ಟಿಸಿದ್ದನಂತೆ. ಸಾಕ್ಷಿ ಯಾರು ಎಂದರೆ ಎಲ್ಲರೂ ಸತ್ತಿದ್ದಾರೆ.

ನಾನು ಒಂದು ರೂಲ್ ಸೇರಿಸಿದೆ. ಆಡುವವರು ಇಬ್ಬರು, ದಾರಿಯಲ್ಲಿ ಇಬ್ಬರಿಗೂ ಒಂದೊಂದು ಹೊಲ. ಒಬ್ಬರದು ಕೆಂಪು, ಒಬ್ಬರದು ಹಸಿರು. ನಿನ್ನ ಹಣ್ಣು ಎದುರಿನವರ ಹೊಲದಲ್ಲಿ ಬಿದ್ದರೆ ಒಂದು ಎಸೆತ ದಂಡ.

8-7-2007, ರವಿವಾರ

ನಕಾಶೆ ಖರೇ ಇರಲಿ ಎಂದು ದಾರಿಯನ್ನೆಲ್ಲ ಹೆಜ್ಜೆಯಲ್ಲಿ ಅಳೆದೆ. ಎರೆಮಣ್ಣು, ರಾತ್ರಿ ಮಳೆ ಬೇರೆ. ಒಂದೊಂದು ಚಪ್ಪಲಿಗೂ ಅರ್ಧ ಕಿಲೋ ಮಣ್ಣು.

ಗುಡಿಗೆ ಹೋಗುವ ದಾರಿಯಲ್ಲಿ ಕೊನೆಯ ಎರಡು ಹೊಲ ನಮ್ಮವೇ. ಮೊದಲು ಅಪ್ಪನದು, ಅದಕ್ಕೆ ಹತ್ತಿಕೊಂಡು ರಾಚವ್ವತ್ತೆಯದು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಸತ್ತು ತವರಿಗೆ ಬಂದಾಗ ನನಗೆ ಎರಡು ವರ್ಷ. ಅಜ್ಜ ಬದುಕಿದ್ದಾಗಲೇ ಹೊಲ ಇಬ್ಬರಿಗೂ ಹಂಚಿ, ನಡುವೆ ಬದು ಹಾಕಿಸಿ, ಕಾಗದ ಮಾಡಿಸಿ ಹೋದ. ಅತ್ತೆ ಓಣಿಯ ಆ ತುದಿಯಲ್ಲಿ ಒಬ್ಬಳೇ ಇರುತ್ತಾಳೆ. ನನಗೆ ಜಡೆ ಹಾಕಿ ಸಾಲೆಗೆ ಕಳಿಸಿದ್ದು ಹೆಚ್ಚಾಗಿ ಅವಳೇ.

ಹೆಸರಿನ ಬೆಳೆಯಲ್ಲಿ ಕಳೆ ತೆಗೆಯುತ್ತಿದ್ದ ಅತ್ತೆ ಎದ್ದು ಬಂದು ನನ್ನ ಜೋಡಿ ನಡೆದಳು. ತನ್ನ ಹೊಲದ ಹೆಜ್ಜೆ ತಾನೂ ಎಣಿಸಿದಳು. ನೂರು ದಾಟಿದ ಮೇಲೆ ಲೆಕ್ಕ ತಪ್ಪಿ ಇಬ್ಬರೂ ನಗುತ್ತ ನಿಂತೆವು, ಮತ್ತೆ ಮೊದಲಿನಿಂದ.

ಅಪ್ಪನ ಹೊಲ 168 ಹೆಜ್ಜೆ ಅಗಲ. ಅತ್ತೆಯದು 132. ಬೇವಿನ ಗಿಡ ಅಪ್ಪನ ಹೊಲದಲ್ಲಿ, ಬದುವಿನಿಂದ ಎಂಟು ಹೆಜ್ಜೆ ಈಚೆ. ಕೆಂಪಿಗೆ ಅಪ್ಪನ ಹೊಲ, ಹಸಿರಿಗೆ ಅತ್ತೆಯದು ಎಂದು ಗ್ರಾಫ್ ಬುಕ್ಕಿನಲ್ಲಿ ಹಾಕಿದೆ. ಇಲ್ಲೂ ಬರೆದಿಟ್ಟೆ, ಆ ಬುಕ್ಕು ಸಂಜುವಿನ ಕೈಗೆ ಹೋದರೆ ವಾಪಸ್ ಬರುವ ಗ್ಯಾರಂಟಿ ಇಲ್ಲ.

26-7-2007

ಮೊದಲ ಟೆಸ್ಟ್. ಫ್ಲ್ಯಾಶ್ ಸಾಫ್ಟ್‌ವೇರಿನಲ್ಲಿ ಹೊಲ ಚಂದ ಬಂದಿದೆ. ಹಣ್ಣು ಬಿದ್ದರೆ ಮಣ್ಣು ಹಾರುತ್ತದೆ. ಆದರೆ ಇಪ್ಪತ್ತು ಆಟದಲ್ಲಿ ಹದಿನಾರು ಕೆಂಪೇ ಗೆದ್ದಿತು. ಸರ್ ನೋಡಿ ಪೇಪರಿನ ಮೇಲೆ ಕೆಂಪು ಪೆನ್ನಿನಲ್ಲಿ ಗೀಚಿದರು. "ಬ್ಯಾಲೆನ್ಸ್ ಇಲ್ಲ. ಒಬ್ಬನ ಹೊಲ ದೊಡ್ಡದಿದ್ದರೆ ಇನ್ನೊಬ್ಬ ಯಾಕಮ್ಮಾ ಆಡಬೇಕು?"

ಹೌದಲ್ಲ. ಇಷ್ಟು ಸರಳ ತಪ್ಪು ನನಗೆ ಕಾಣಲಿಲ್ಲ. ಬದುವನ್ನು ನಡುವಿಗೆ ತಂದೆ, 150–150. ಬೇವಿನ ಗಿಡ ಎಲ್ಲಿತ್ತೋ ಅಲ್ಲೇ ಬಿಟ್ಟೆ. ಅದನ್ನು ಮತ್ತೆ ಬಿಡಿಸಲು ಬೇಜಾರು. ಐದು ನಿಮಿಷದ ಕೆಲಸ. ಈಗ ಇಪ್ಪತ್ತು ಆಟದಲ್ಲಿ ಕೆಂಪಿಗೆ ಹತ್ತು, ಹಸಿರಿಗೆ ಹತ್ತು.

18-8-2007, ಪಂಚಮಿ

ಹೇಗೆ ಬರೆಯಲಿ…

ಮಧ್ಯಾಹ್ನ ಕರೆಂಟಿತ್ತು. ಅಪ್ಪನೇ ಕಂಪ್ಯೂಟರನ್ನು ಪಡಸಾಲೆಗೆ ತಂದಿಟ್ಟ. "ನಮ್ಮ ಶೈಲು ಊರಾಗಿನ ಲಿಂಬಿಹಣ್ಣ ಕಂಪ್ಯೂಟರದಾಗ ಹಾಕ್ಯಾಳ, ಬರ್ರಿ" ಎಂದು ಓಣಿಯನ್ನೆಲ್ಲ ಕರೆದ. ಜೋಕಾಲಿ ಬಿಟ್ಟು ಹೆಂಗಸರೂ ಬಂದರು. ನೀಲಪ್ಪ ಕಾಕಾ ಮೌಸನ್ನು ಹಣ್ಣು ಹಿಡಿದ ಹಾಗೆ ಹಿಡಿದು ಎತ್ತಿ ಎಸೆಯಲು ಹೋದ. ಎಲ್ಲರೂ ನಕ್ಕರು. ಅಪ್ಪ ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಜೋರು ನಕ್ಕ.

ಆಟ ಕೊನೆಯ ಹೊಲಗಳಿಗೆ ಬಂತು. ರಾಚವ್ವತ್ತೆ ಮುಂದೆ ಬಂದು ಸ್ಕ್ರೀನಿಗೆ ಕಣ್ಣು ಹಚ್ಚಿದಳು.

"ಇದು ಯಾರ ಹೊಲಾ ಶೈಲೂ?"

"ಹಸರಂದು ನಿಂದ ಅತ್ತಿ. ಕೆಂಪ ಅಪ್ಪಂದು."

"ಬೇವಿನ ಗಿಡಾ ನನ್ನ ಹೊಲದಾಗ ಐತಲ್ಲ!"

ಅತ್ತೆ ಬೆರಳಿನಿಂದ ಬದುವನ್ನು ಮುಟ್ಟಿದಳು. "ಇದ ನೋಡ್ರಿ ನಮ್ಮಪ್ಪ ಹಾಕಿಸಿದ ಬದು. ಗಿಡಾ ನನ್ನ ಪಾಲಿಗೆ ಬಂದಿತ್ತು. ನಾ ಹೇಳಿದ್ರ ಯಾರೂ ನಂಬಲಿಲ್ಲ. ಈಗ ಕಂಪ್ಯೂಟರದಾಗ ಬಂತಲ್ಲ."

ಹಿಂದಿನಿಂದ ಯಾರೋ ಹೌದೆಂದರು. ಬೈಲಹೊಂಗಲದಲ್ಲಿ ಹೊಲದ ಪಹಣಿ, ಉತಾರವೆಲ್ಲ ಈಗ ಕಂಪ್ಯೂಟರಿನಲ್ಲೇ ಬರುತ್ತದೆ. ಕಂಪ್ಯೂಟರಿನಲ್ಲಿ ಬಂದ ಹೊಲ ಎಂದರೆ ಸರಕಾರವೇ ಒಪ್ಪಿದ ಹೊಲ, ಜನರಿಗೆ ಅಷ್ಟೇ ಗೊತ್ತು. ಇದು ಆಟ, ಇದನ್ನು ನಾನು ಮಾಡಿದ್ದು ಎಂದು ಹೇಳುತ್ತಲೇ ಇದ್ದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ತಿರುಗಿ ನೋಡಿದಾಗ ಬಾಗಿಲಲ್ಲಿ ಅಪ್ಪ ಇರಲಿಲ್ಲ.

19-8-2007

ಬೆಳಿಗ್ಗೆ ಅಪ್ಪ ಎತ್ತಿನ ಹಗ್ಗ ಹೊಸೆಯುತ್ತ ಕೂತಿದ್ದ. ಮುಖ ಎತ್ತಲಿಲ್ಲ.

"ಆ ಬದು ಎಲ್ಲೈತೋ ಅಲ್ಲೇ ಇಡ ಯವ್ವಾ."

"ಅಪ್ಪಾ, ಆಟಾ ಸಮಾ ಆಗಲಿ ಅಂತ ಸರಿಸೇನಿ, ಅಷ್ಟ. ನಮ್ಮ ಸರ್ ಹೇಳಿದ್ರು."

"ನಿಮ್ಮ ಸರ್‌ಗೆ ನಮ್ಮ ಹೊಲಾ ಗೊತ್ತೈತೇನ?"

ಅವನು ಹೊರಗೆ ಹೋದ ಮೇಲೆ ಟ್ರಂಕು ತೆಗೆದು ಉತಾರ ನೋಡಿದೆ. ಎರಡು ಹಾಳೆ. ಮಡಿವಾಳೆಪ್ಪ, ಮೂರು ಎಕರೆ ಇಪ್ಪತ್ತು ಗುಂಟೆ. ರಾಚವ್ವ, ಮೂರು ಎಕರೆ ಇಪ್ಪತ್ತು ಗುಂಟೆ. ಎರಡು ಹೊಲದ ಉದ್ದ ಒಂದೇ. ಹಾಗಾದರೆ ಅಗಲವೂ ಒಂದೇ ಇರಬೇಕು. ಇಲ್ಲ. ಅತ್ತೆಯ ಹದಿನೆಂಟು ಹೆಜ್ಜೆ ಅಪ್ಪನ ಕಡೆ ಬಂದಿದೆ. ಅತ್ತೆ ತವರಿಗೆ ಬಂದು ಹದಿನೆಂಟು ವರ್ಷ.

ವರ್ಷಕ್ಕೊಂದು ಹೆಜ್ಜೆ. ನೇಗಿಲು ಹೂಡಿದಾಗೊಮ್ಮೆ, ಯಾರ ಕಣ್ಣಿಗೂ ಬೀಳದಷ್ಟು.

ಅವ್ವನನ್ನು ಕೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತ. ಗೊತ್ತಿದ್ದ ಏನ ಮಾಡ್ಲಿ? ಆ ಸಾಲಿನ ಜ್ವಾಳಾ ನಾನೂ ತಿಂದೇನಿ. ನೀನೂ ತಿಂದಿ."

ನಾನು ಡಿಸೈನ್ ಕಲಿಯುವವಳು. ಮೂರ್ಖಳು. ಆ ಅಂಕಿಗಳನ್ನು ಗ್ರಾಫ್ ಬುಕ್ಕಿನಲ್ಲಿ ನಾನೇ ಬರೆದೆ, ಸಮ ಇಲ್ಲ ಎಂದು ಸರ್ ಹೇಳಬೇಕಾಯಿತು.

27-8-2007

ಅತ್ತೆ ಹಿರಿಯ ಮುದಕಪ್ಪನ ಬಳಿ ಹೋಗಿದ್ದಾಳೆ. ಬರುವ ರವಿವಾರ ಗುಡಿಯ ಕಟ್ಟೆಯಲ್ಲಿ ಪಂಚರು ಕೂರುತ್ತಾರೆ. ನನ್ನನ್ನೂ ಕರೆದಿದ್ದಾರೆ.

ಸಂಜೆ ಬಸ್ಸು ಇಳಿದರೆ ಅತ್ತೆ ಕಾಯುತ್ತಿದ್ದಳು. ಸೆರಗಿನಲ್ಲಿ ಶೇಂಗಾ ಉಂಡಿ.

"ಆ ಚಿತ್ರಾ ಒಂದು ಕಾಗದದ ಮ್ಯಾಲೆ ತಗದು ಕೊಡವಾ."

"ಅತ್ತೀ, ಅದು ಸರಕಾರದ್ದಲ್ಲ. ನಾನ ಮಾಡಿದ್ದು."

"ನೀ ಮಾಡಿದ್ರ ಇನ್ನೂ ಚಲೋ ಆತು. ನನ್ನ ಮುಂದ ಅಳದಿ. ಅಷ್ಟ ಹೇಳ."

ಪ್ರಿಂಟರ್ ಇಲ್ಲ ಎಂದೆ. ಕಾಲೇಜಿನಲ್ಲಿ ಎರಡಿವೆ. ಉಂಡಿ ಬ್ಯಾಗಿನಲ್ಲೇ ಇದೆ, ತಿನ್ನಲು ಮನಸ್ಸಿಲ್ಲ.

1-9-2007, ಶನಿವಾರ

ಅಪ್ಪ ಪಡಸಾಲೆಗೆ ಕರೆದು ಎದುರು ಕೂರಿಸಿಕೊಂಡ. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

"ಅಕ್ಕಗ ಮಕ್ಕಳಿಲ್ಲ, ಮರಿ ಇಲ್ಲ. ಆಕೀ ಹಿಂದ ಆ ಹೊಲಾ ಯಾರಿಗೆ? ನಿನಗ ಅಲ್ಲೇನ? ಎರಡ ದಿನಾ ಮೊದಲ ಬಂತು, ಅಷ್ಟ."

"ಹಂಗಾರ ಹಗಲೊತ್ತಿನ್ಯಾಗ ಕೇಳಿ ತಗೋಬೇಕಿತ್ತಪ್ಪ."

"ನಿನ್ನ ಕಾಲೇಜ ಎಲ್ಲಿಂದ ಬಂತ ಅಂದಿ? ಆ ಸಾಲಿನಿಂದನ ಬಂತು. ನಾಳೆ ನೀ ಅಳದೇನಿ ಅಂದ್ರ, ಹೊಲಾ ಅಳಿಯಾಕ ಸರಕಾರದ ಮೋಜಣಿಯವರು ಬರ್ತಾರ. ಸೋಮವಾರ ನೀ ಬಸ್ ಹತ್ತೂದು ಬ್ಯಾಡ."

ಗ್ರಾಫ್ ಬುಕ್ಕು ಕೇಳಿದ. ಕೊಟ್ಟೆ. ಅಳತೆಯ ಹಾಳೆಯನ್ನು ನನ್ನಿಂದಲೇ ಕೀಳಿಸಿ, ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಈ ಡೈರಿಯಲ್ಲಿ ಜುಲೈ ಎಂಟರ ಪುಟ ಇರುವುದು ಅವನಿಗೆ ಗೊತ್ತಿಲ್ಲ.

ನಾಳೆ ಹೇಳುತ್ತೇನೆ. ಹೇಳಿಯೇ ಬಿಡುತ್ತೇನೆ. ಡೈರಿಯನ್ನೇ ಒಯ್ಯುತ್ತೇನೆ.

2-9-2007

ಹೇಳಲಿಲ್ಲ.

3-9-2007, ಸೋಮವಾರ

ಏಳೂ ಹತ್ತರ ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ನಿನ್ನೆಯದನ್ನು ಬರೆಯುತ್ತೇನೆ, ಬರೆಯದಿದ್ದರೆ ಆಮೇಲೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ಕಟ್ಟೆಯ ಮೇಲೆ ಐದು ಮಂದಿ ಹಿರಿಯರು. ಒಂದು ಕಡೆ ಅಪ್ಪ, ಒಂದು ಕಡೆ ಅತ್ತೆ. ಡೈರಿ ನನ್ನ ಬ್ಯಾಗಿನಲ್ಲಿತ್ತು. ಮುದಕಪ್ಪ ಕೇಳಿದ.

"ತಂಗೀ, ಕಂಪ್ಯೂಟರದಾಗ ಆ ಬದು ಎಲ್ಲಿಂದ ಬಂತು? ಸರಕಾರದ್ದೋ, ನೀ ಅಳದದ್ದೋ, ಸುಮ್ಮನ ತಗದದ್ದೋ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತಳು. "ಹಿರ್ಯಾರ, ಶೈಲು ಏನ ಹೇಳತಾಳ ಅದ ನನಗ ಕಬೂಲ. ಅಳದೇನಿ ಅಂದ್ರ ಮೋಜಣಿ ತರಸೂನು. ಇಲ್ಲ ಅಂದ್ರ ಈ ಜಲ್ಮದಾಗ ಮತ್ತ ನಾ ಈ ಮಾತ ತಗಿಯೂದಿಲ್ಲ."

ಅಷ್ಟು ನಂಬಿಕೆ. ಎಂಥ ಹುಚ್ಚು ಹೆಂಗಸು! ನನ್ನ ತಲೆಯ ಮೇಲೆ ತಂದು ಹಾಕಿದಳು.

"ಸುಮ್ಮನ ತಗದದ್ದರಿ. ಆಟಾ ಸಮಾ ಆಗಲಿ ಅಂತ."

ಇಲ್ಲಿಯವರೆಗೆ ಸುಳ್ಳಲ್ಲ.

"ಹೊಲಾ ಅಳದಿಲ್ಲ?"

"ಇಲ್ರಿ."

ನನ್ನ ಜೋಡಿ ಹೆಜ್ಜೆ ಹಾಕಿದವಳು ಅಲ್ಲೇ ಇದ್ದಳು. ಈಕೆ ಸುಳ್ಳು ಹೇಳುತ್ತಿದ್ದಾಳೆ, ನಾನೇ ಕೂಡ ನಡೆದಿದ್ದೇನೆ ಎನ್ನಬಹುದಿತ್ತು. ಅನ್ನಲಿಲ್ಲ. ನನ್ನನ್ನು ನೋಡಿದಳು. ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡು, "ಆತ್ರಿ, ಬರತೇನಿ" ಎಂದು ಹಿರಿಯರಿಗೆ ಕೈ ಮುಗಿದು ಹೋದಳು.

ಅಪ್ಪ ದಾರಿಯಲ್ಲಿ ನನ್ನ ಬೆನ್ನು ತಟ್ಟಿದ. ಮನೆಗೆ ಬಂದು ಆಟದಲ್ಲಿ ಬದುವನ್ನು ಮತ್ತೆ 168ಕ್ಕೆ ಇಟ್ಟೆ. ಐದು ನಿಮಿಷದ ಕೆಲಸ.

14-10-2007

ಒಂದು ತಿಂಗಳಿಗೂ ಮೇಲಾಯಿತು, ಬರೆಯಲಿಲ್ಲ. ಬರೆಯುವುದು ಏನಿದೆ? ಅತ್ತೆ ಬಯ್ಯುವುದಿಲ್ಲ. ಓಣಿಯಲ್ಲಿ ನಾನು ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ, ಯಾರೋ ಸಾಹೇಬರಿಗೆ ಬಿಟ್ಟ ಹಾಗೆ. ಕ್ಲಾಸಿನಲ್ಲಿ ಈಗ "ಪ್ಲೇಯರ್‌ನ ನಂಬಿಕೆ ಉಳಿಸಿಕೊಳ್ಳುವುದು ಹೇಗೆ" ಎಂಬ ಚಾಪ್ಟರು ನಡೆದಿದೆ. ಅಸೈನ್‌ಮೆಂಟಿನಲ್ಲಿ ಹತ್ತಕ್ಕೆ ಒಂಬತ್ತು ಬಂತು.

28-10-2007, ರವಿವಾರ

ಅಪ್ಪ ಕಡಲೆ ಬಿತ್ತಲು ಹೊಲ ಹರಗಿ ಮುಗಿಸಿದ. ಅವನು ಬೈಲಹೊಂಗಲದ ಪೇಟೆಗೆ ಹೋದ ಮೇಲೆ ನಾನೊಬ್ಬಳೇ ಹೋಗಿ ಅಳೆದೆ. ಎರಡು ಸಲ.

169.

19-11-2007

ಸಂಜುವಿನ ಜೊತೆ ಜಗಳ. ಅವನ ಮಷಿನಿನಲ್ಲಿ ಇನ್ನೂ 150–150 ಇತ್ತು. ಸಬ್ಮಿಟ್ ಮಾಡುವುದು 169–131 ಎಂದೆ.

"ನಿನಗ ತಲಿ ಕೆಟ್ಟೈತೇನ? ಜುಲೈದಾಗ ಸರ್ ಬಯ್ದದ್ದು ಮರತಿ? ಕೆಂಪ ಒಂದ ಗೆಲ್ಲತೈತಿ. ಇಬ್ಬರೂ ಫೇಲ ಆಗತೇವಿ."

"ಆಗೂನು."

"ನೀ ಆಗ. ನನ್ನ ಯಾಕ ಎಳೀತಿ? ನಮ್ಮವ್ವ ಮಂದಿ ಮನಿ ಪಾತ್ರಿ ತಿಕ್ಕಿ ಫೀ ಕಟ್ಯಾಳ."

ಅವನದು ನ್ಯಾಯ. ಆದರೂ ನಾನು ಒಪ್ಪಲಿಲ್ಲ. ಸಮ ಇರುವ ಹೊಲ ನೋಡಿದರೆ ಮೈ ಉರಿಯುತ್ತದೆ. ಊರಿನಲ್ಲಿ ಇಲ್ಲದ್ದನ್ನು ಇದೆ ಎಂದು ತೋರಿಸಿ ಮಾರ್ಕ್ಸ್ ತೆಗೆದುಕೊಳ್ಳುವುದು ನನಗೆ ಬೇಡ. ಫೇಲಾದರೆ ಆಗಲಿ, ಅಪ್ಪನ ಆ ಸಾಲುಗಳೆಲ್ಲ ನೀರಿಗೆ ಹೋಗಲಿ. ಕೊನೆಗೆ ತಪ್ಪಾದರೆ ಡಿಸೈನ್ ನನ್ನದು ಎಂದು ಬರೆದು ಸಹಿ ಮಾಡಿ ಕೊಟ್ಟೆ. ಮುಖ ಊದಿಸಿಕೊಂಡು ಸಿ.ಡಿ. ಬರೆದ.

14-12-2007, ಶುಕ್ರವಾರ. ಬಸ್ ಸ್ಟ್ಯಾಂಡ್, ಸಂಜೆ ನಾಲ್ಕು

ವೈವಾ ಮುಗಿಯಿತು. ಎಕ್ಸಾಮಿನರ್ ಹೈದರಾಬಾದಿನವರು, ಕಂಪನಿಯಲ್ಲಿ ಆಟ ಮಾಡುವವರು. ಎಚ್‌ಓಡಿ ಸರ್ ಪಕ್ಕದಲ್ಲಿ ಕೂತು ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಎಕ್ಸಾಮಿನರ್ ಹಸಿರು ಹಿಡಿದು ಮೂರು ಸಲ ಆಡಿದರು, ಮೂರೂ ಸಲ ಸೋತರು. ಕೆಂಪು ಯಾವಾಗಲೂ ಗೆಲ್ಲುತ್ತದೆ, ಇದನ್ನು ಯಾಕೆ ಸರಿ ಮಾಡಿಲ್ಲ ಎಂದು ಕೇಳಿದರು. ಸಂಜು ನನ್ನ ಕಡೆ ನೋಡಿದ.

ಹೇಳಿದೆ. ತಯಾರಿ ಮಾಡಿಕೊಂಡು ಹೋಗಿರಲಿಲ್ಲ, ತಾನೇ ಬಂತು. ಕೆಂಪು ನಮ್ಮ ಅಪ್ಪ ಸರ್. ಹಸಿರು ನಮ್ಮ ಅತ್ತೆ. ಅಪ್ಪ ಹದಿನೆಂಟು ವರ್ಷದಿಂದ ಬದು ಸರಿಸುತ್ತ ಬಂದಿದ್ದಾನೆ, ಈ ವರ್ಷವೂ ಒಂದು ಹೆಜ್ಜೆ ಸರಿಸಿದ. ನಾನೇ ಅಳೆದಿದ್ದೇನೆ. ನನ್ನನ್ನು ನಂಬಿ ಅತ್ತೆ ಸೋತಳು. ಹೇಳುತ್ತ ಕಣ್ಣು ಒರೆಸಿಕೊಂಡೆ.

ಅವರು ಪೆನ್ನು ಕೆಳಗಿಟ್ಟರು. "ಬ್ರಿಲಿಯಂಟ್" ಎಂದರು. ಅನ್ಯಾಯವನ್ನೇ ಆಟದ ರೂಲ್ ಮಾಡಿದ್ದೀರಿ, ಸ್ಟೋರಿ ತುಂಬಾ ಚೆನ್ನಾಗಿ ಕಟ್ಟಿದ್ದೀರಿ, ಕಣ್ಣೀರು ಕೂಡ ಸರಿಯಾದ ಜಾಗದಲ್ಲಿ ಬಂತು ಎಂದು ನಕ್ಕರು. ಜುಲೈನಲ್ಲಿ ಕೆಂಪು ಪೆನ್ನು ಎಳೆದ ಎಚ್‌ಓಡಿ ಸರ್, ತಾವೇ ಹೇಳಿಕೊಟ್ಟದ್ದು ಎನ್ನುವ ಹಾಗೆ ತಲೆ ಆಡಿಸಿದರು. ನೂರಕ್ಕೆ ತೊಂಬತ್ತಾರು. ಕಾಲೇಜಿಗೇ ಮೊದಲು.

ಹೊರಗೆ ಬಂದು ಸಂಜು ಕೈ ಕುಲುಕಿದ. "ಕಥಿ ಭಾರೀ ಕಟ್ಟಿದಿ ನೋಡ. ನನಗರ ಮೊದಲ ಹೇಳಬಾರದ?"

ಬಸ್ಸು ಬಂತು.

ಅದೇ ದಿನ, ಮನೆ

ಅಪ್ಪ ಅಗಸಿಯಲ್ಲೇ ಕಾಯುತ್ತಿದ್ದ. ಮಾರ್ಕ್ಸ್ ಕೇಳಿ ಕಣ್ಣು ಒರೆಸಿಕೊಂಡ, ನಿಜವಾಗಿ. ಅವನ ಖುಷಿ ನೋಡಿ ನನಗೂ ಖುಷಿಯಾಯಿತು, ಅದನ್ನೇ ನನಗೆ ತಡೆದುಕೊಳ್ಳಲಾಗುವುದಿಲ್ಲ. ಪೇಡೆ ತರಿಸಿ ಓಣಿಗೆಲ್ಲ ಹಂಚಿದ. ಒಂದು ಡಬ್ಬಿ ನನ್ನ ಕೈಗೆ ಕೊಟ್ಟ.

"ನಿಮ್ಮ ಅತ್ತಿಗೂ ಕೊಟ್ಟ ಬಾ. ಎಷ್ಟಾದ್ರೂ ನಿನ್ನ ಎತ್ತಿ ಆಡಿಸಿದಾಕಿ."

ಹೋದೆ. ಅತ್ತೆ ಹೊಸ್ತಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಮೊರ ಬದಿಗಿಟ್ಟಳು. ಸೆಪ್ಟೆಂಬರಿನಿಂದ ಮೊದಲ ಸಲ ಮಾತಾಡಿದಳು.

"ಪಾಸ್ ಆದಿ?"

"ಹೂಂ ಅತ್ತಿ."

"ಏನ ಕೇಳಿದ್ರು?"

"ಒಂದ ಹೊಲಾ ಯಾಕ ದೊಡ್ಡದೈತಿ ಅಂತ ಕೇಳಿದ್ರು."

"ನೀ ಏನಂದಿ?"

"ಖರೇದ ಹೇಳಿದೆ ಅತ್ತಿ. ಅಪ್ಪ ಬದು ಸರಿಸ್ಯಾನ, ನಾನ ಅಳದೇನಿ ಅಂದೆ."

ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ.

"ಅಲ್ಲಿ ಅಂದಿ?"

ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ. ಅತ್ತೀ, ನಾ ಅವತ್ತ ಕಟ್ಟಿ ಮ್ಯಾಲೆ… ಎಂದು ಶುರು ಮಾಡಿದೆ, ಅವಳು ಮೊರ ಎತ್ತಿಕೊಂಡಳು, ಮತ್ತೆ ನಾನು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಬಂದೆ.